ದೀಪ ದೊಡ್ಡದು ಮಾಡಿದ ಸಂಜೆ

ನಾನು ಚಿಕ್ಕವನಿದ್ದಾಗ ನಮ್ಮ ಬೀದಿಗೆ ಇಬ್ಬರು ಯಜಮಾನರಿದ್ದರು, ಮಕ್ಕಳೇ. ಒಬ್ಬರು ನನ್ನ ಅಪ್ಪ. ಹಾಸನದ ಕಡೆಯವರು. ಸೈನ್ಯದಲ್ಲಿ ಸುಬೇದಾರರಾಗಿದ್ದು, ನಿವೃತ್ತರಾದ ಮೇಲೆ ಈ ತಮಿಳು ಊರಿಗೆ ಬಂದು, ಬಂದರಿನ ಬಳಿಯ ಪ್ಯಾರೀಸ್ ಕಾರ್ನರಿನ ಒಂದು ಗೋದಾಮಿನ ಕಾವಲಿಗೆ ಸೇರಿದ್ದರು. ಇನ್ನೊಬ್ಬರು ಎದುರುಮನೆಯವರು, ಒಂದು ಪಕ್ಷದ ಮುಖಂಡರು. ಎಲ್ಲರೂ ಅವರನ್ನು ತಲೈವರ್ ಎಂದೇ ಕರೆಯುತ್ತಿದ್ದರು. ಗಡಿಯಲ್ಲಿ ಯುದ್ಧ ಶುರುವಾದಾಗ, ಕಾಸಿಮೇಡಿನ ಹತ್ತಿರವಿದ್ದ ನಮ್ಮ ಬೀದಿಗೂ ಒಂದು ರಕ್ಷಣಾ ಸಮಿತಿ ಆಯಿತು. ತಲೈವರ್ ಅದರ ಅಧ್ಯಕ್ಷರು. ಸಂಜೆ ಸೈರನ್ ಆಗುವ ಮೊದಲು ಬೀದಿಯನ್ನು ಕತ್ತಲು ಮಾಡಿಸುವ ಹೊಣೆ ಅಪ್ಪನದು.

ಸಮುದ್ರ ನಮಗೆ ಕೂಗಳತೆಯಲ್ಲಿತ್ತು. ಶತ್ರುಗಳ ಹಡಗಿಗೆ ಒಂದು ದೀಪ ಕಂಡರೂ ಸಾಕು, ಗುಂಡು ಬೀಳುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದೆವು. ಮೈದಾ ಅಂಟಿನ ಹುಳಿ ವಾಸನೆ, ಹೊರಗಿನ ಒಣಮೀನಿನ ವಾಸನೆ, ಸೀಮೆಎಣ್ಣೆಯ ಹೊಗೆ, ಎಲ್ಲ ಸೇರಿ ಮನೆಯೊಳಗೆ ಉಸಿರು ಕಟ್ಟುತ್ತಿತ್ತು.

ಅಪ್ಪನಿಗೂ ತಲೈವರಿಗೂ ಮೊದಲಿನಿಂದಲೇ ಆಗಿಬರುತ್ತಿರಲಿಲ್ಲ. "ಭಾಷಣ ಮಾಡಿ ಹಡಗು ಮುಳುಗಿಸ್ತಾನಂತಾ ಇವನು?" ಎಂದು ಅಪ್ಪ ಜಗಲಿಯಿಂದಲೇ ಅನ್ನುತ್ತಿದ್ದರು. "ಬಾರ್ಡರ್ ಅವರೋಡದು. ತೆರು ಎನ್ನೋಡದು" ಎಂದು ತಲೈವರ್ ಅತ್ತ ಕಡೆಯಿಂದ. ಗಡಿ ಅವರದಿರಬಹುದು, ಬೀದಿ ನನ್ನದು ಎಂದು. ರೇಡಿಯೋದಲ್ಲಿ ವಾರ್ತೆ ಬಂದಾಗ ಅಪ್ಪ ಅಮ್ಮನಿಗೆ ಹೇಳುತ್ತಿದ್ದರು: "ಕೇಳಿದೆಯಾ? ಡೆಲ್ಲೀಲಿ ಮಂತ್ರಿಗಳೂ ಜನರಲ್‌ಗಳೂ ಒಂದೇ ಮೇಜಲ್ಲಿ ಕೂತ್ಕೋತಾರೆ. ಇಲ್ಲಿ ಈ ಮನುಷ್ಯ ನಂಗೊಂದು ಬೆಂಚು ಕೂಡ ಕೊಡಲ್ಲ."

ಇಬ್ಬರೂ ಮಾತು ಬಿಟ್ಟಿದ್ದರು. ಅಪ್ಪನ ತಮಿಳು ಬೇರೆ ಹರಕು ಮುರುಕು. ಹಾಗಾಗಿ ಅಪ್ಪನ ಆರ್ಡರನ್ನು ನನ್ನ ಅಕ್ಕ, ನಿಮ್ಮ ದೊಡ್ಡಜ್ಜಿ, ಒಯ್ಯುತ್ತಿದ್ದಳು. "ಆ ಬಾಯಿಬಡುಕನಿಗೆ ಹೇಳು, ಮೊದಲು ಮೈಕು ಬಂದ್ ಮಾಡ್ಲಿ" ಎಂದು ಇಲ್ಲಿ ಹೊರಟ ಮಾತು, ಬೀದಿ ದಾಟುವುದರೊಳಗೆ "ಅಪ್ಪ ನಿಮ್ಮನ್ನು ಕೇಳಿಕೊಂಡಿದ್ದಾರೆ" ಎಂಬ ಸವಿ ತಮಿಳಾಗುತ್ತಿತ್ತು. ಅಲ್ಲಿಂದ ಬರುವ ಬೈಗುಳಕ್ಕೂ ಅವಳು ಅದನ್ನೇ ಮಾಡುತ್ತಿದ್ದಳು. ಒಮ್ಮೆ ಅಪ್ಪನಿಗೆ ಇದು ಗೊತ್ತಾಗಿ, "ನನ್ನ ಆರ್ಡರ್ ತಿದ್ದೋಕೆ ನೀನ್ಯಾರೇ?" ಎಂದು ಮನೆ ಹಾರಿಹೋಗುವಂತೆ ಕೂಗಿದ್ದರು. ಅಕ್ಕ ಅತ್ತಳು. ಮಾರನೆಯ ದಿನವೂ ತಿದ್ದಿದಳು. ಆ ಇಬ್ಬರು ಗಂಡಸರು ಹೊಡೆದಾಡದೆ ಒಂದೇ ಬೀದಿಯನ್ನು ಕಾಯುತ್ತಿದ್ದದ್ದು ಅವಳಿಂದ. ಅದು ನನಗೆ ಆಗ ಹೊಳೆಯಲಿಲ್ಲ. ದೀಪಗಳಿಗಾಗಿ ಊದುವ ಅಪ್ಪನ ಸೀಟಿ ಅವಳ ಕೊರಳಲ್ಲಿ ನೇತಾಡುತ್ತದೆ, ನನ್ನ ಕೊರಳಲ್ಲಿ ಇಲ್ಲ ಎಂಬುದಷ್ಟೇ ಕಾಣುತ್ತಿತ್ತು. ನನಗೆ ಹೊಟ್ಟೆಕಿಚ್ಚು.

ಆ ಸಂಜೆ ತಲೈವರ್ ಬೀದಿ ಮೂಲೆಯಲ್ಲಿ ಜನರಿಗೆ ಧೈರ್ಯ ತುಂಬುವ ಸಭೆ ಕರೆದಿದ್ದರು. ಪೆಟ್ರೋಮ್ಯಾಕ್ಸ್‌ಗಳು ಬುಸುಗುಡುತ್ತಿದ್ದವು. ಮುತ್ತುಗದ ಎಲೆಯಲ್ಲಿ ಬಿಸಿ ಕಡಲೆ ಸುಂಡಲ್ ಹಂಚುತ್ತಿದ್ದರು. ಅಪ್ಪ ಬೆಲ್ಟು ಬಿಗಿಯುತ್ತಾ ಅಕ್ಕನನ್ನು ಕೂಗಿದರು. "ಅಮ್ಮಣ್ಣೀ, ಹೋಗಿ ಹೇಳು, ದೀಪ ದೊಡ್ಡದು ಮಾಡ್ಲಿ. ಇನ್ನೇನು ಸೈರನ್ ಆಗುತ್ತೆ." ಅಕ್ಕ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಅವಳು ಕೈ ಒರೆಸಿಕೊಳ್ಳುವುದರೊಳಗೆ ನಾನು ಓಡಿದ್ದೆ.

ನಿಮಗೆ ಒಂದು ವಿಷಯ ಹೇಳಬೇಕು. ನಮ್ಮ ಮನೆಗಳಲ್ಲಿ ದೀಪ 'ಆರಿಸು' ಎನ್ನುವುದಿಲ್ಲ. ಅದು ಅಪಶಕುನದ ಮಾತು. ಆರಿಸಬೇಕಾದಾಗ 'ದೊಡ್ಡದು ಮಾಡು' ಎನ್ನುತ್ತೇವೆ. ಯುದ್ಧ ಶುರುವಾದ ಮೇಲಂತೂ ಅಮ್ಮ ಆ ಕೆಟ್ಟ ಮಾತು ಯಾರ ಬಾಯಲ್ಲೂ ಬರಗೊಡುತ್ತಿರಲಿಲ್ಲ. ನಾನು ಏದುಸಿರು ಬಿಡುತ್ತಾ ತಲೈವರ ಮುಂದೆ ನಿಂತು, ಅಪ್ಪನ ಮಾತನ್ನು ಪದಕ್ಕೆ ಪದ ತಮಿಳು ಮಾಡಿದೆ. "ವಿಳಕ್ಕೆ ಪೆರುಸು ಪಣ್ಣ ಸೊನ್ನಾರು ಅಪ್ಪಾ."

ತಮಿಳಿನಲ್ಲಿ ಅದಕ್ಕೆ ಒಂದೇ ಅರ್ಥ. ಬೆಳಕು ಹೆಚ್ಚಿಸಿ.

ತಲೈವರ್ ಒಂದು ಗಳಿಗೆ ಬೆರಗಾದರು. ಆಮೇಲೆ ಮೈಕಿನಲ್ಲೇ ನಕ್ಕರು. "ಪಾತ್ತೀಂಗಳಾ? ಮಿಲಿಟ್ರಿಯೇ ಎರಂಗಿ ವಂದುರುಚ್ಚು!" ಮಿಲಿಟರಿಯೇ ಇಳಿದು ಬಂತು ನೋಡಿ ಎಂದು. ಜನ ಚಪ್ಪಾಳೆ ತಟ್ಟಿದರು. ಪೆಟ್ರೋಮ್ಯಾಕ್ಸ್‌ಗೆ ಇನ್ನಷ್ಟು ಗಾಳಿ ಹೊಡೆದರು. ಬೆಳಕು ಬೆಳ್ಳಗೆ ಉಕ್ಕಿದಾಗ ನನ್ನ ತಪ್ಪು ನನಗೆ ಗೊತ್ತಾಯಿತು. ಆಗಲೇ ಹೇಳಬಹುದಿತ್ತು. ಆದರೆ ತಲೈವರ್ ನನ್ನ ಬೆನ್ನು ತಟ್ಟಿ, "ಶಿಂಗಂಡಾ ನೀ" ಎಂದು ಎರಡು ಕೈಗೂ ಸುಂಡಲ್ ಕೊಟ್ಟಿದ್ದರು. ನನ್ನನ್ನು ಯಾರೂ ಅಲ್ಲಿಯವರೆಗೆ ಸಿಂಹ ಅಂದಿರಲಿಲ್ಲ. ನಾನು ತಿನ್ನುತ್ತಾ ನಿಂತೆ.

ಸೈರನ್ ಕೂಗಿತು. ಊರೆಲ್ಲ ಕಪ್ಪಾಯಿತು. ನಮ್ಮ ಮೂಲೆಯೊಂದೇ ಉರಿಯುತ್ತಿತ್ತು. ಅಪ್ಪ ಓಡಿಬಂದು ಬೆತ್ತದಿಂದ ಪೆಟ್ರೋಮ್ಯಾಕ್ಸ್ ಗಾಜುಗಳನ್ನು ಒಡೆದರು. ತಲೈವರ್ ಅಪ್ಪನ ಕಾಲರ್ ಹಿಡಿದರು. ಬಂದರಿನ ಕಡೆಯಿಂದ ಪೊಲೀಸ್ ಜೀಪು ಬಂತು. ದೀಪ ಇಡಲು ಹೇಳಿದ್ದು ಯಾರು ಎಂದು ಇನ್‌ಸ್ಪೆಕ್ಟರ್ ಗದರಿದಾಗ ತಲೈವರ್ ನನ್ನತ್ತ ಬೆರಳು ತೋರಿಸಿದರು. "ಇವರು ಮಗನ್‌ದಾನ್ ವಂದು ಸೊನ್ನಾನ್, ಸಾರ್!" ಇವರ ಮಗನೇ ಬಂದು ಹೇಳಿದ ಎಂದು.

ಅಪ್ಪ ನನ್ನ ಮುಂದೆ ಬಂದು ನಿಂತರು. ಕತ್ತಲಲ್ಲಿ ಮುಖ ಕಾಣಲಿಲ್ಲ. "ಏನೋ ಹೇಳ್ದೆ ನೀನು?"

ನಾನು ಹೇಳಿದೆ: "ಅಕ್ಕ ಹಂಗೆ ಹೇಳು ಅಂದ್ಲು."

ಅಪ್ಪ ನಂಬಿದರು. ಅವಳು ಆರ್ಡರ್ ತಿದ್ದುವವಳೆಂದು ಅವರಿಗೆ ಮೊದಲೇ ಗೊತ್ತಿತ್ತಲ್ಲ. ತಲೈವರನ್ನು ಮೆಚ್ಚಿಸಲು ಮಗಳು ಅಪ್ಪನ ಮಾನ ತೆಗೆದಳು ಎಂದುಕೊಂಡರು. ಅಪ್ಪ ಕೂಗಾಡುತ್ತಾ ಮನೆಗೆ ಬಂದಾಗ ಅಕ್ಕ ಬಾಗಿಲಲ್ಲಿ ನಿಂತಿದ್ದಳು. "ಇಲ್ಲಪ್ಪ, ನಾನಲ್ಲ" ಎಂದು ಒಂದೇ ಸಲ ಅಂದಳು. ಅಪ್ಪ ಸೀಟಿಯ ದಾರವನ್ನು ಅವಳ ಕೊರಳಿಂದ ಕಿತ್ತರು.

ಬೀದಿಯ ಹೊಣೆ ತಲೈವರ ಕಡೆಯವನೊಬ್ಬನ ಪಾಲಾಯಿತು. ಯುದ್ಧ ಬೇಗನೆ ಮುಗಿಯಿತು. ಅವರಿಬ್ಬರ ಹಗೆ ಮುಗಿಯಲಿಲ್ಲ, ನಡುವೆ ಮಾತು ತಿದ್ದುವವರು ಯಾರೂ ಇರಲಿಲ್ಲವಲ್ಲ. ಮನೆಯೊಳಗೆ ಅಪ್ಪ ಅಕ್ಕನ ಜತೆಗೂ ಮಾತು ಬಿಟ್ಟರು. "ನಿನ್ನ ಅಕ್ಕನಿಗೆ ಹೇಳು, ಊಟ ಬಡಿಸ್ಲಿ" ಎಂದು ನನ್ನ ಕೈಲಿ ಹೇಳಿಸುತ್ತಿದ್ದರು, ಅವಳು ಎದುರಿಗೇ ನಿಂತಿರುವಾಗ. "ನಿನ್ನ ಅಕ್ಕನಿಗೆ ಹೇಳು, ಇನ್ಮೇಲೆ ಸ್ಕೂಲಿಗೆ ಹೋಗೋದು ಬೇಡ" ಎಂಬುದನ್ನೂ ನಾನೇ ಹೇಳಿದೆ. ಅವಳಿಗೆ ಟೀಚರಾಗುವ ಆಸೆಯಿತ್ತು. ಓದು ಬೇಕಾಗಿದ್ದ ಅವಳನ್ನು ಬಿಡಿಸಿ, ಬೇಡವಾಗಿದ್ದ ನನ್ನನ್ನು ಕಳಿಸಿದರು. ನಾನು ಐದನೆಯ ಕ್ಲಾಸಿಗೇ ಬಿಟ್ಟೆ. ಅಪ್ಪ ಸಾಯುವವರೆಗೂ ನಾನು ಬಾಯಿ ಬಿಡಲಿಲ್ಲ.

ಈಗ ನಿಮ್ಮ ತಾಂಬರಂ ಮನೆಯಲ್ಲಿ ಕೂತು ನಾನು ಟಿವಿ ನೋಡುತ್ತೇನೆ. ಯುದ್ಧದ ಸುದ್ದಿ ಬಂದರೆ ಮಂತ್ರಿಗಳೂ ಸೇನಾಧಿಕಾರಿಗಳೂ ಒಟ್ಟಿಗೆ ಕಾಣುತ್ತಾರೆ. ಇತ್ತ ನೀವಿಬ್ಬರೂ ಚಾರ್ಜರಿಗಾಗಿ ಕಿತ್ತಾಡುತ್ತೀರಿ. "ನೀ ದಾಂಡಾ ಒಡಚ್ಚೆ!" "ಇಲ್ಲೆ, ನೀ ದಾನ್!" ನೀನೇ ಮುರಿದದ್ದು, ಇಲ್ಲ ನೀನೇ ಎಂದು. ನಾನು ಕನ್ನಡದಲ್ಲಿ ಗದರಿದರೆ ಇಬ್ಬರೂ ತಮಿಳಿನಲ್ಲೇ ನನ್ನ ಹತ್ತಿರ ದೂರು ಹೇಳುತ್ತೀರಿ. ಇಡ್ಲಿ ತಟ್ಟೆಗೆ ಬರುವಷ್ಟರಲ್ಲಿ ಯಾರು ಮುರಿದದ್ದೆಂದು ಒಪ್ಪಿಕೊಂಡೂ ಆಗಿರುತ್ತದೆ.

ಕಳೆದ ದೀಪಾವಳಿಗೆ ಅಕ್ಕ ಬಂದಾಗ ನಾನೂ ಒಪ್ಪಿಕೊಂಡೆ. ಅವಳು ಅವರೆಕಾಳು ಬಿಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ನಂಗೆ ಅವತ್ತೇ ಗೊತ್ತಿತ್ತು ಕಣೋ" ಎಂದಳು. "ಅಪ್ಪಂಗೆ ನೀನು ಹೇಳ್ಲಿಲ್ಲ. ನಂಗ್ಯಾಕೆ ಹೇಳ್ತೀಯ?" ಊಟಕ್ಕೆ ನಿಲ್ಲದೆ ಎಲೆಕ್ಟ್ರಿಕ್ ಟ್ರೈನ್ ಹಿಡಿದು ಹೋದಳು. ದೊಡ್ಡಜ್ಜಿ ಈಗ ಯಾಕೆ ಬರುವುದಿಲ್ಲ ಎಂದು ನೀವು ಕೇಳುತ್ತಲೇ ಇದ್ದೀರಿ. ಕಾಲುನೋವು ಎಂದು ನಾನು ಹೇಳುತ್ತಿದ್ದೆ. ಅದು ಸುಳ್ಳು, ಮಕ್ಕಳೇ. ಅವಳು ಬಾರದಿರುವುದು ನನ್ನಿಂದ.