ಹಾಲು ಕರೆಯುವ ಕೈ ನಿಂತ ಹಾಡು

ಬೆಳಕು ಇನ್ನೂ ಕೊಟ್ಟಿಗೆಯ ಬಾಗಿಲಲ್ಲೇ ನಿಂತಿದೆ, ಒಳಗೆ ಬರಲೋ ಬೇಡವೋ ಎನ್ನುವ ಹಾಗೆ. ಹಸುಗಳ ಉಸಿರಿನ ಬಿಸಿ ಹೊರಗಿನ ಮಂಜಿನೊಡನೆ ಬೆರೆತು ಗೂಟಗಳ ಸುತ್ತ ತೇಲುತ್ತಿದೆ. ಗಿಡ್ಡ ಮಣೆಯ ಮೇಲೆ ಕೂತು, ಹಸುವಿನ ಪಕ್ಕೆಗೆ ಹಣೆ ಆನಿಸಿ, ಹಾಲಕ್ಕ ಕಣ್ಣು ಮುಚ್ಚಿದ್ದಾಳೆ. ಕೈ ಮಾತ್ರ ಎಚ್ಚರವಾಗಿದೆ. ಬಕೆಟ್ಟಿನ ತಳಕ್ಕೆ ಹಾಲು ಸೊರ್ ಸೊರ್ ಎಂದು ಬೀಳುತ್ತಿದೆ. ಪಕ್ಕದಲ್ಲೊಂದು ಖಾಲಿ ಹಾಲಿನ ಕ್ಯಾನು, ಅದರೊಳಗೆ ಅವಳ ಮೊಬೈಲು. ಕ್ಯಾನಿನ ಹೊಟ್ಟೆಯಿಂದ ಬರುವ ಹಾಡು ಬಾವಿಯೊಳಗಿಂದ ಯಾರೋ ಕರೆದಂತೆ ಗುಂಯ್‌ಗುಡುತ್ತದೆ.

ಇವತ್ತು ಶುಕ್ರವಾರ. ಹೊಸ ಹಾಡುಗಳು ಬಿಡುಗಡೆಯಾಗುವ ದಿನ. ಅವನ್ನು ಹೊತ್ತು ತರುವವನು ಹಾಲಿನ ಗಾಡಿಯ ಡ್ರೈವರ್. ಅವನ ಹೆಂಡತಿ ಊರಿನ ಪುಟ್ಟ ರೇಡಿಯೊ ಕೇಂದ್ರದಲ್ಲಿ ಶನಿವಾರ ಬೆಳಿಗ್ಗೆ ಹೊಸ ಹಾಡುಗಳ ಕಾರ್ಯಕ್ರಮ ನಡೆಸುತ್ತಾಳೆ. ಹಾಡು ಮುಗಿದ ಮೇಲೆ ಹಾಲಕ್ಕ ಹೇಳುವ ಮಾತನ್ನು ಡ್ರೈವರ್ ತನ್ನ ಫೋನಿನಲ್ಲಿ ಹಿಡಿದುಕೊಂಡು ಹೋಗುತ್ತಾನೆ. ಮಾರನೆಯ ದಿನ ಅದು ಮನೆಮನೆಯಲ್ಲಿ ಕೇಳಿಸುತ್ತದೆ. ಆ ದನಿ ಯಾರದೆಂದು ಕೇಳುವವರಿಗೆ ತಿಳಿಯದು. ಹಾಡಿದವರು ಯಾರೆಂದು ಹಾಲಕ್ಕನಿಗೂ ತಿಳಿಯದು. ತನ್ನ ಮಾತು ಮುಗಿಯುವ ತನಕ ಹಾಡಿದವರ ಹೆಸರು ಹೇಳಕೂಡದೆಂಬ ಕಟ್ಟಳೆ ಅವಳದೇ.

“ಹೆಸರು ಗೊತ್ತಾದ್ರೆ ಕಿವಿ ದಾಕ್ಷಿಣ್ಯಕ್ಕೆ ಬೀಳುತ್ತೆ. ಕೈಗೆ ಆ ರೋಗ ಇಲ್ಲ,” ಎನ್ನುತ್ತಾಳೆ.

ಮೊದಲ ಹಾಡು ರ‍್ಯಾಪ್. “ಈ ಹುಡುಗನಿಗೆ ಹೇಳೋದು ರಾಶಿ ಇದೆ ಪಾಪ, ಉಸಿರು ತಗೊಳ್ಳೋಕೆ ಪುರುಸೊತ್ತಿಲ್ಲ. ಆದ್ರೂ ಕೈಗೆ ಚೆನ್ನಾಗಿ ಹೊಂದುತ್ತೆ, ಬೇಗ ಬೇಗ ಕರೆದೆ.” ಎರಡನೆಯದು ವಿರಹದ ಹಾಡು, ಜೊತೆಗೆ ಗಿಟಾರು. “ಬಿಟ್ಟು ಹೋದವಳಿಗೋಸ್ಕರ ಅಳ್ತಾನೆ. ಇಷ್ಟು ಹೊತ್ತು ಅಳೋನ ಹತ್ರ ಅವಳಾದ್ರೂ ಹೇಗಿರ್ತಾಳೆ?” ಆಮೇಲೆ ಪದವಿಲ್ಲದ ಬರೀ ಪಿಟೀಲು. “ಇದನ್ನ ಕೇಳ್ತಾ ಹಸು ಮೆಲುಕು ಹಾಕೋದನ್ನೇ ಬಿಟ್ಟಿತ್ತು. ನಾನೇನು ಹೇಳ್ಲಿ.”

ಕೊಟ್ಟಿಗೆಯಲ್ಲಿ ಹಾಲು ಕರೆಯುವ ಯಂತ್ರವೂ ಇದೆ. ಹೊಸದಾಗಿ ಕರು ಹಾಕಿದವು, ಕೆಚ್ಚಲು ನೊಂದವು, ಯಂತ್ರದ ಸದ್ದಿಗೆ ಬೆದರುವವು ಮಾತ್ರ ಹಾಲಕ್ಕನ ಪಾಲಿಗೆ. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಹತ್ತು ಹನ್ನೆರಡು ಹಸು. ಮನಸ್ಸು ಸರಿಯಿಲ್ಲದ ಹಸು ಹಾಲನ್ನು ಮೇಲಕ್ಕೇರಿಸಿಕೊಂಡುಬಿಡುತ್ತದೆ. ಎಷ್ಟು ಎಳೆದರೂ ಹನಿ ಬಾರದು. ಈ ಮಣೆಯ ಮೇಲೆ ಮೊದಲು ಕೂರುತ್ತಿದ್ದವಳು ಅವಳ ಅಮ್ಮ. ಅಮ್ಮನ ಬೆರಳ ಗಂಟುಗಳು ಊದಿಕೊಂಡಾಗ ಹಾಲಕ್ಕ ಶಾಲೆ ಬಿಟ್ಟು ಬಂದಳು. “ಒಬ್ಬಳು ಕೂರ್ಲೇಬೇಕಿತ್ತು. ತಂಗಿಗೆ ಓದೋ ವಯಸ್ಸು, ಹಾಡೋ ಹುಚ್ಚು ಬೇರೆ. ನಾನು ಕೂತೆ.”

ಆ ತಂಗಿ ಈಗ ಪಟ್ಟಣದಲ್ಲಿ ಬಟ್ಟೆಯಂಗಡಿಯ ಕೆಲಸದಲ್ಲಿದ್ದಾಳೆ. ಮೊನ್ನೆ ಫೋನು ಮಾಡಿ ಹೇಳಿದ್ದಳು: “ಅಕ್ಕಾ, ಶುಕ್ರವಾರದ ಹಾಡುಗಳಲ್ಲಿ ನಂದೂ ಒಂದಿದೆ. ಯಾವುದು ಅಂತ ಹೇಳಲ್ಲ, ಹೆಸರೂ ಬದಲಾಯಿಸಿದೀನಿ. ನೀನು ಹೂಂ ಅಂದ್ರೆ ಇನ್ನೊಂದು ಹಾಡ್ತೀನಿ. ಇಲ್ಲಾಂದ್ರೆ ಇಲ್ಲಿಗೇ ಸಾಕು.”

“ಲೇ, ನನ್ನ ತಲೆ ಮೇಲೆ ಯಾಕೆ ಹಾಕ್ತೀಯ?”

“ಬೇರೆಯವರೆಲ್ಲ ಚೆನ್ನಾಗಿದೆ ಅಂತಾನೇ ಹೇಳ್ತಾರಕ್ಕಾ.”

ಅಂದಿನಿಂದ ಹಾಲಕ್ಕನಿಗೆ ನಿದ್ದೆ ಸರಿಯಿಲ್ಲ. ತಂಗಿಯದೆಂದು ತಿಳಿಯದೆ ಬೈದುಬಿಟ್ಟರೆ? ತಿಳಿದು ಹೊಗಳಿಬಿಟ್ಟರೆ?

ನಾಲ್ಕನೆಯ ಹಾಡು ಶುರುವಾಗುತ್ತದೆ. ಡಬ ಡಬ ಬಡಿತ, ಮಿಂಚುವ ಸದ್ದುಗಳು, ಮೇಲಕ್ಕೆ ಮೇಲಕ್ಕೆ ಹತ್ತುವ ಹೆಣ್ಣು ದನಿ. ಹಾಲಕ್ಕನ ತುಟಿ ಸೊಟ್ಟಗಾಗುತ್ತದೆ. ಬೈಗುಳ ಬಾಯಿಗೆ ಬಂದಿರುವಾಗಲೇ ಬಡಿತವೆಲ್ಲ ಕರಗಿ, ಕ್ಯಾನಿನ ತಳದಿಂದ ಒಂದು ಗುನುಗು ಏಳುತ್ತದೆ. ಪದವಿಲ್ಲ. ಮೂಗಿನಲ್ಲೇ ಸುಳಿದು, ಕೊನೆಯಲ್ಲಿ ಸ್ವಲ್ಪ ಜಾರುವ ಗುನುಗು. ಬೆದರಿದ ಹಸುವಿನ ಮೈ ಸವರುತ್ತಾ ಅಮ್ಮ ಗುನುಗುತ್ತಿದ್ದದ್ದು. ಕೊಟ್ಟಿಗೆಯ ಮಂಜಿನಲ್ಲಿ ಅಮ್ಮ ಒಂದು ಗಳಿಗೆ ನಡೆದಾಡಿದಂತಾಗುತ್ತದೆ.

ಸೊರ್ ಸೊರ್ ಸದ್ದಿಲ್ಲ. ಕೈ ನಿಂತಿದೆ. ಇಷ್ಟು ವರ್ಷಗಳಲ್ಲಿ ಹಾಡಿಗಾಗಿ ಅದು ನಿಂತದ್ದಿಲ್ಲ. ಬಿಂಕದ ಬಿಳಿ ಹಸು ಕತ್ತು ತಿರುಗಿಸಿ ನೋಡಿ, ಹಾಲು ಏರಿಸಿಕೊಂಡು, ಬಾಲದಿಂದ ಅವಳ ಮುಖಕ್ಕೊಂದು ಬಾರಿಸುತ್ತದೆ.

“ಏನಕ್ಕಾ, ನಿದ್ದೆನಾ?” ಡ್ರೈವರ್ ನಗುತ್ತಾ ಫೋನು ಮುಂದೆ ಹಿಡಿಯುತ್ತಾನೆ. ಹಾಲಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾಳೆ, ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು.

“ಹೇಳ್ತೀನಿ, ಬರ್ಕೋ. ಅಲ್ಲ, ಹಿಡ್ಕೋ. ಈ ಹುಡುಗಿ ಅರ್ಧ ಹಾಡು ಬೇರೆ ಯಾರದೋ ಸೀರೆ ಉಟ್ಕೊಂಡು ಓಡಾಡಿದಾಳೆ. ಅದು ನನಗೆ ಹಿಡಿಸ್ಲಿಲ್ಲ. ಕೊನೇಲಿ ತನ್ನದನ್ನ ಉಟ್ಲು. ಅಲ್ಲಿ ನನ್ನ ಕೈ ನಿಂತಿತು. ಮುಂದಿನ ಹಾಡನ್ನ ಅಲ್ಲಿಂದಲೇ ಶುರು ಮಾಡ್ಲಿ.”

“ಯಾರ ಹಾಡು ಅಂತ ಹೇಳ್ಲಾ ಈಗ?”

“ಬೇಡ. ನಡಿಯಪ್ಪಾ, ಹಾಲು ಒಡೆದೀತು.”

ಶನಿವಾರ ರೇಡಿಯೊದಲ್ಲಿ ಆ ಮಾತು ಬಂದ ಕೂಡಲೇ, ಮೊಬೈಲಿನಲ್ಲೇ ಊರ ರೇಡಿಯೊ ಕೇಳುವ ತಂಗಿಯ ಫೋನು. ಮೊದಲು ಮೂಗೆಳೆಯುವ ಸದ್ದು.

“ಬೇರೆಯವರ ಸೀರೆ ಅಂದ್ಯಲ್ಲೇ, ಊರಿಗೆಲ್ಲ ಕೇಳೋ ಹಾಗೆ!”

“ಹೌದು ಅಂದೆ. ಮುಂದಿನ ಹಾಡು ಅಂತಾನೂ ಅಂದೆ. ಅದು ಕೇಳಿಸ್ಲಿಲ್ವಾ ನಿನಗೆ?”

ಆ ಕಡೆಯಿಂದ ನಗು. “ಕೇಳಿಸ್ತು ಮಹರಾಯ್ತಿ. ಸಂಜೆ ಹೊಸದೊಂದು ಗುನುಗ್ತೀನಿ, ಎತ್ತು ಫೋನು.”

ನಿನಗೇನಾದರೂ ಆಸೆಯಿದೆಯೇನಕ್ಕಾ ಎಂದು ಡ್ರೈವರ್ ಕೇಳಿದರೆ ಹಾಲಕ್ಕ ಸಗಣಿ ಬಾಚುವುದನ್ನು ನಿಲ್ಲಿಸಿ ಯೋಚಿಸುತ್ತಾಳೆ. “ಒಂದೇ ಒಂದು ಹಾಡನ್ನ ಕೆಲಸ ಇಲ್ದೆ, ಸುಮ್ನೆ ಕೂತು ಕೇಳ್ಬೇಕು. ಇಲ್ಲೀತನಕ ಆಗಿಲ್ಲ.”

ಅದಕ್ಕೇನು ಕಷ್ಟ ಎಂದುಕೊಂಡು ಕೈ ತೊಳೆದು, ಬಿಸಿಲು ಬಿದ್ದ ಹೊಸ್ತಿಲ ಮೇಲೆ ಕೂರುತ್ತಾಳೆ. ಫೋನು ಕ್ಯಾನಿನೊಳಗೆ, ಕೈ ಮಡಿಲಲ್ಲಿ. ತಂಗಿಯ ಹಾಡು ಬಡಿಯತೊಡಗುತ್ತದೆ. ಕಣ್ಣು ಮುಚ್ಚಿದ ಹಾಲಕ್ಕನಿಗೆ ಗೊತ್ತೇ ಆಗದಂತೆ ಮಡಿಲಲ್ಲಿ ಬೆರಳುಗಳು ಇಲ್ಲದ ಹಸುವಿನ ಹಾಲು ಕರೆಯುತ್ತಿವೆ, ಒಂದಾದ ಮೇಲೊಂದು, ತಾಳ ತಪ್ಪದೆ.

ಗುನುಗು ಬರುತ್ತದೆ. ಬೆರಳುಗಳು ನಿಲ್ಲುತ್ತವೆ.