ಆಯಿಯ ರಟ್ಟೆಯ ಮೇಲಿನ ಬಿಲ್ಲೆ

ನಾನು ನಕಲು ಮಾಡದ ಮನುಷ್ಯ ಮೂಡಲಗಿಯಲ್ಲಿ ಉಳಿದಿಲ್ಲ. ಬಸ್ ಕಂಡಕ್ಟರು, ಸಾಲಿ ಮಾಸ್ತರು, ಹಾಲು ಅಳೆಯುವಾಗ ಮಾತ್ರ ಆಕಾಶ ನೋಡುವ ಡೇರಿಯವರು, ಎಲ್ಲರದೂ ಮುಗಿದಿದೆ. ಮನುಷ್ಯರು ಮುಗಿದ ಮೇಲೆ ಯಂತ್ರಗಳಿಗೆ ಕೈ ಹಾಕಿದೆ. ಗ್ಲುಕೋಮೀಟರಿನ ಪಟ್ಟಿಗೆ ರಕ್ತ ಮುಟ್ಟಿಸಿದ ಮೇಲೆ ಅಂಕಿ ಬರುವ ತನಕ ಅದು ಸುಮ್ಮನೆ ಇರುತ್ತದಲ್ಲ, ಆ ಸುಮ್ಮನಿರುವುದನ್ನು ನಾನು ಬಹಳ ಚೆನ್ನಾಗಿ ಮಾಡುತ್ತೇನೆ. ನಮ್ಮ ಮನೆಯಲ್ಲಿ ಅದಕ್ಕೆ ಯಾರೂ ನಗುವುದಿಲ್ಲ. ಬೇರೆ ಮನೆಗಳಲ್ಲಿ ಅದು ಯಾರಿಗೂ ತಿಳಿಯುವುದಿಲ್ಲ.

ನಮ್ಮಲ್ಲಿ ಸಕ್ಕರೆ ಕಾಯಿಲೆ ಹಳೆಯದು. ಹೊಲ ಪಾಲಾಯಿತು, ಮನೆ ಪಾಲಾಯಿತು, ಇದು ಮಾತ್ರ ಪಾಲಾಗದೆ ಒಬ್ಬೊಬ್ಬರಿಗೂ ಪೂರ್ತಿ ಬಂತು. ಮೊದಲು ಬಂದದ್ದು ಅಜ್ಜನಿಗೆ. ನಾನು ಅವನನ್ನು ನೋಡಿದ್ದು ಕಡಿಮೆ, ಅವ್ವ ಹೇಳಿದ್ದನ್ನು ಕೇಳಿಯೇ ಅವನ ನಕಲು ಕಟ್ಟಿಕೊಂಡಿದ್ದೇನೆ. ಆಗ ರಕ್ತ ನೋಡುವ ಯಂತ್ರ ಮನೆಗೆ ಬಂದಿರಲಿಲ್ಲ. ಗಾಜಿನ ನಳಿಗೆಯಲ್ಲಿ ನೀಲಿ ಔಷಧ ಹಾಕಿ, ಅದಕ್ಕೆ ಮೂತ್ರದ ಕೆಲವು ಹನಿ ಬಿಟ್ಟು ಕುದಿಸಬೇಕು. ನೀಲಿ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಇಟ್ಟಂಗಿ ಬಣ್ಣ, ಹೀಗೆ ಹೋದಷ್ಟೂ ಕೆಟ್ಟದ್ದು. ಆ ನಳಿಗೆಯನ್ನು ಅಡಿಗೆಮನೆಯ ಒಲೆಯ ಹತ್ತಿರ ತರಲು ಆಯಿ, ಅಂದರೆ ನಮ್ಮಜ್ಜಿ, ಬಿಡಲಿಲ್ಲ. ಆದ್ದರಿಂದ ನಮ್ಮ ಮನೆಯ ಪ್ರಯೋಗಶಾಲೆ ದನದ ಕೊಟ್ಟಿಗೆಯಲ್ಲಿತ್ತು. ಅಜ್ಜ ನಳಿಗೆಯನ್ನು ಬಿಸಿಲಿಗೆ ಹಿಡಿದು ಬಂಗಾರ ನೋಡುವವರಂತೆ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದನಂತೆ. ಇಟ್ಟಂಗಿ ಬಣ್ಣ ಬಂದ ದಿನ, ‘ಔಷಧ ಹಳೇದಾಗೇತಿ’ ಎಂದು ಚೆಲ್ಲಿಬಿಡುತ್ತಿದ್ದನಂತೆ. ಗಾಜಿನ ಪಿಚಕಾರಿಯನ್ನು ಕುದಿಸಿ, ಮೊಂಡಾದ ಸೂಜಿಯನ್ನು ಕಲ್ಲಿಗೆ ಉಜ್ಜಿ ಚುಚ್ಚಿಕೊಳ್ಳುತ್ತಿದ್ದ. ಈಗಿನ ಸೂಜಿ ನೋಡಿದ್ದರೆ ಇದು ಕೂದಲೋ ಸೂಜಿಯೋ ಎಂದು ಕೇಳುತ್ತಿದ್ದ.

ಆಮೇಲೆ ಬಂದದ್ದು ನನಗೆ, ಕಾಲೇಜಿಗೆ ಹೋಗುವಾಗ. ಗೋಕಾಕದ ಡಾಕ್ಟರು ಇನ್ಸುಲಿನ್ ಪೆನ್ ಕೊಟ್ಟು ಹೇಳಿಕೊಟ್ಟರು. ಅವರು ಪ್ರತಿ ಮಾತಿನ ಕೊನೆಗೆ ಗೋಡೆಯ ಮೇಲಿನ ಮೇದೋಜೀರಕದ ಚಿತ್ರದ ಕಡೆಗೆ ನೋಡುತ್ತಾರೆ, ಅದರ ಪರವಾನಗಿ ಕೇಳಿದ ಹಾಗೆ. ಅದನ್ನು ನಾನು ಮೊದಲ ದಿನವೇ ಕಲಿತೆ. ಚುಚ್ಚಿಕೊಳ್ಳುವುದನ್ನು ಕಲಿಯಲು ಒಂದು ವಾರ ಹಿಡಿಯಿತು.

ಆಯಿಗೆ ಮಾತ್ರೆ ಸಾಲದೆ ಇನ್ಸುಲಿನ್ ಶುರುವಾದದ್ದು ಅದರ ನಂತರ. ನನ್ನದು ಟೈಪ್ ಒಂದು, ಆಯಿಯದು ಟೈಪ್ ಎರಡು ಎಂದು ಡಾಕ್ಟರು ಹೇಳಿದಾಗ ಆಯಿಗೆ ಅದು ಸರಿ ಕಾಣಲಿಲ್ಲ.

‘ಮನ್ಯಾಗ ಹಿರೇಕಿ ನಾನದೀನಿ. ಈ ಮಂಗ್ಯಾಗ ಒಂದ, ನನಗ ಎರಡ?’

ಪೆನ್ ಹಿಡಿಯುವುದನ್ನು ನಾನೇ ಬದನೆಕಾಯಿಯ ಮೇಲೆ ಕಲಿಸಿದೆ. ಆಯಿ ನನಗಿಂತ ಬೇಗ ಕಲಿತಳು. ಕಣ್ಣು ಮಂಜು, ಆದರೆ ಪೆನ್ನಿನ ತಲೆ ತಿರುವಿದಾಗ ಬರುವ ಟಕ್ ಟಕ್ ಸಪ್ಪಳವನ್ನು ಕಿವಿಯಿಂದಲೇ ಎಣಿಸಿ ಡೋಸು ಹಿಡಿಯುತ್ತಾಳೆ. ಆ ಹೊತ್ತಿನಲ್ಲಿ ಅಂಗಳದಲ್ಲಿ ಯಾರೂ ಕೆಮ್ಮಬಾರದು. ಆ ಬದನೆಕಾಯಿ ಮಧ್ಯಾಹ್ನ ಪಲ್ಯವಾಯಿತು. ನಾನು ಊಟ ಮಾಡಲಿಲ್ಲ, ಉಳಿದವರಿಗೆ ಹೇಳಲೂ ಇಲ್ಲ.

ಸೂಜಿ ಚುಚ್ಚಿಕೊಂಡು ಅರ್ಧ ತಾಸಿಗೆ ನಾಷ್ಟಾ ಮಾಡಬೇಕು ಎಂದು ಡಾಕ್ಟರು ಹೇಳಿದ್ದರು. ಆಯಿ ಲಿಂಗಪೂಜೆ ಮಾಡದೆ ಬಾಯಿಗೆ ಏನೂ ಹಾಕುವವಳಲ್ಲ. ಪೂಜೆಗೂ ಅರ್ಧ ತಾಸೇ ಬೇಕು. ಆದ್ದರಿಂದ ಜಳಕ, ಸೂಜಿ, ಪೂಜೆ, ನಾಷ್ಟಾ ಎಂದು ಆಯಿ ತಾನೇ ಕ್ರಮ ಹಾಕಿಕೊಂಡಳು. ಡಾಕ್ಟರು, ದೇವರು ಇಬ್ಬರ ಗಡಿಯಾರವೂ ಹೊಂದಿಕೊಂಡಿತು. ಬಹಳ ದಿನ ಯಾರಿಗೂ ತೊಂದರೆಯಾಗಲಿಲ್ಲ.

ಈ ಸಲದ ಶ್ರಾವಣದಲ್ಲಿ ಆಯಿ ಹುಕ್ಕೇರಿಗೆ, ತನ್ನ ತಂಗಿಯ ಮನೆಗೆ ಪ್ರವಚನ ಕೇಳಲು ಹೋದಳು. ಆ ತಂಗಿಯನ್ನು ನಾವು ಹುಕ್ಕೇರಿ ಆಯಿ ಎನ್ನುತ್ತೇವೆ. ತಿರುಗಿ ಬರುವಾಗ ಆಯಿ ಇನ್ನಷ್ಟು ಜಪದ ನೇಮ ಹಿಡಿದುಕೊಂಡು ಬಂದಳು. ಅರ್ಧ ತಾಸಿನ ಪೂಜೆ ತಾಸು ದಾಟಿತು. ಸೂಜಿಯ ಹೊತ್ತು ಮಾತ್ರ ಅಲ್ಲೇ ಉಳಿಯಿತು. ಅದರ ಬಗ್ಗೆ ಯಾರೂ ಯೋಚಿಸಲಿಲ್ಲ. ನಮ್ಮ ಕಡೆ ಸಕ್ಕರೆ ಏರುವುದಕ್ಕೆ ಎಲ್ಲರೂ ಹೆದರುತ್ತಾರೆ. ಇಳಿಯಿತು ಎಂದರೆ ಪೇಢೆ ಹಂಚುವುದೊಂದು ಬಾಕಿ.

ಪೂಜೆಯ ಕೊನೆಯ ಭಾಗದಲ್ಲಿ ಆಯಿಯ ಮೈ ನಡುಗತೊಡಗಿತು. ಎಡಗೈಯ ಅಂಗೈಯಲ್ಲಿ ಇಷ್ಟಲಿಂಗ, ಅದರ ಮೇಲೆ ನೆಟ್ಟ ನೋಟ, ಹಣೆಯ ವಿಭೂತಿ ಬೆವರಿಗೆ ಕರಗಿ ಇಳಿಯುವುದು, ಕಣ್ಣಿನಿಂದ ನೀರು. ಬಾಜೂ ಮನೆಯವರು ಬಂದು ಬಾಗಿಲ ಹೊರಗೆ ಕೈಮುಗಿದು ನಿಲ್ಲತೊಡಗಿದರು. ಹುಕ್ಕೇರಿ ಆಯಿ ಒಮ್ಮೆ ಬಂದವಳು ಅದನ್ನು ನೋಡಿ, ‘ನಮ್ಮಕ್ಕಗ ಲಿಂಗ ಒಲದೇತಿ’ ಎಂದಳು. ತಿರುಗಿ ಹೋಗಿ ಸಂತೆಯಲ್ಲಿ ಮೆಣಸಿನಕಾಯಿ ಆರಿಸುತ್ತ ಇದನ್ನೇ ಹೇಳಿದಳಂತೆ. ಹುಕ್ಕೇರಿ ಸಂತೆಗೆ ಸುತ್ತಲಿನ ಹಳ್ಳಿಗಳೆಲ್ಲ ಬರುತ್ತವೆ. ಬರುವ ಸೋಮವಾರ ಒಂದು ಗಾಡಿ ಹೆಣ್ಣುಮಕ್ಕಳನ್ನು ಕರೆದುಕೊಂಡು ಬರುತ್ತೇನೆಂದು ಫೋನ್ ಮಾಡಿದಳು.

ಆ ಫೋನ್ ಬಂದ ಸಂಜೆ ಆಯಿ ನನ್ನನ್ನು ಹಿತ್ತಲಿಗೆ ಕರೆದಳು.

‘ಯಾರ ಮುಂದೂ ಅನಬ್ಯಾಡ. ಕೈ ನಡಗತೈತಿ, ನನ್ನ ಹಿಡಿತಕ್ಕ ಬರೂದಿಲ್ಲ. ಲಿಂಗ ಜಾರಿ ನೆಲಕ್ಕ ಬಿತ್ತಂದ್ರ ನಾ ಉಳಿಯೂದಿಲ್ಲ ನೋಡು.’

ಸಣ್ಣ ವಯಸ್ಸಿನಲ್ಲಿ ಕಟ್ಟಿದ ಲಿಂಗ ಅದು. ಹೆರಿಗೆಯಲ್ಲೂ ದವಾಖಾನೆಯಲ್ಲೂ ಮೈಮೇಲಿಂದ ತೆಗೆದಿಲ್ಲ. ಅದು ನೆಲಕ್ಕೆ ಬಿದ್ದ ಮೇಲೆ ಏಳಲು ಆಯಿಗೆ ಮನಸ್ಸಿರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ‘ಖರೆ ಹೇಳು ಆಯಿ, ಇದು ಭಕ್ತಿ ಅಲ್ಲೇನು?’ ಎಂದೆ.

‘ಭಕ್ತಿ ಬಂದ್ರ ಬಾಯಾಗ ಮಂತ್ರ ಬರಬೇಕಲ್ಲೋ ಖೋಡಿ. ನನಗ ನಡುವ ಮರತ ಹೋಗತೈತಿ.’

ಆಯಿ ಏನಂದಳು ಎಂದು ಅವ್ವ ಕೇಳಿದಳು. ಅನಬೇಡ ಎಂದಿದ್ದಳಲ್ಲ, ಅದಕ್ಕೆ ಬಾಯಿಂದ ಹೇಳಲಿಲ್ಲ. ಮಾಡಿ ತೋರಿಸಿದೆ. ಗೋಡೆಗೆ ಬೆನ್ನು ಹಚ್ಚಿ ಕುಳಿತು ಎಡಗೈ ಚಾಚಿದೆ. ಮೊದಲು ಕಿರುಬೆರಳು, ಆಮೇಲೆ ಮಣಿಕಟ್ಟು, ತುಟಿಯ ಮೇಲಿನ ಬೆವರು ಒರೆಸಿಕೊಳ್ಳಲು ಹೋಗಿ ಮೂಗು ಒರೆಸಿಕೊಳ್ಳುವುದು, ಎಲ್ಲೋ ದೂರ ನೋಡುವ ಕಣ್ಣು. ಅವ್ವ ಮೊದಲು ನಕ್ಕಳು. ನಂತರ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

‘ಇದು ಆಯೀದಲ್ಲ.’

‘ಮತ್ಯಾರದು?’

‘ನಿಂದು. ಅವತ್ತ ಅರಭಾವಿ ಬಸ್ ಸ್ಟ್ಯಾಂಡನ್ಯಾಗ ನೀ ಹಿಂಗ ಕುಂತಿದ್ದಿ. ಮಂದಿ ಕುಡದಾನ ಅಂದ್ರು. ನಾ ಓಡಿ ಬಂದು ಚಾದಾಗ ಸಕ್ಕರಿ ಸುರದು ಕುಡಿಸೀನಿ.’

ನನ್ನ ನಕಲಿಗೆ ಬಂದ ಅತಿ ಕೆಟ್ಟ ವಿಮರ್ಶೆ ಅದು. ಅಷ್ಟೇ ಸರಿಯಾದದ್ದೂ ಹೌದು. ಸೂಜಿ ಚುಚ್ಚಿಕೊಂಡು ಊಟ ತಡವಾದ ದಿನ ಸಕ್ಕರೆ ಇಳಿದು ನಾನು ಹೇಗಿದ್ದೆನೋ, ಆಯಿ ಈಗ ದಿನಾ ಬೆಳಗ್ಗೆ ಹಾಗಾಗುತ್ತಿದ್ದಳು.

ಮನೆಯಲ್ಲಿ ನನಗೆಂದು ತಂದ ಹೊಸ ಸೆನ್ಸರ್ ಒಂದಿತ್ತು. ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡ ಬಿಲ್ಲೆ. ರಟ್ಟೆಗೆ ಒತ್ತಿದರೆ ಕೂದಲಿನಂಥ ಒಂದು ಎಳೆ ಚರ್ಮದ ಕೆಳಗೆ ಎರಡು ವಾರ ನಿಲ್ಲುತ್ತದೆ. ಬೆರಳು ಚುಚ್ಚುವ ಕೆಲಸವಿಲ್ಲ, ಸಕ್ಕರೆ ಎಷ್ಟಿದೆ ಎಂದು ಮೊಬೈಲಿಗೆ ತಾನೇ ಹೇಳುತ್ತಿರುತ್ತದೆ. ಅಂಕಿಯ ಪಕ್ಕದಲ್ಲಿ ಒಂದು ಬಾಣ. ಬಾಣ ಅಡ್ಡ ಇದ್ದರೆ ನೆಮ್ಮದಿ, ಕೆಳಗೆ ತಿರುಗಿದರೆ ಸಕ್ಕರೆ ಇಳಿಯುತ್ತಿದೆ ಎಂದರ್ಥ. ಬಹಳ ಇಳಿದರೆ ಮೊಬೈಲ್ ಕೂಗುತ್ತದೆ. ಅದನ್ನು ಆಯಿಗೆ ಹಚ್ಚುವುದು, ನಾನು ಎರಡು ವಾರ ಹಳೆಯ ಪದ್ಧತಿಯಂತೆ ಬೆರಳು ಚುಚ್ಚಿಕೊಳ್ಳುವುದು ಎಂದು ಠರಾವಾಯಿತು. ಠರಾವು ಮಾಡಿದವಳು ಅವ್ವ. ನನ್ನ ಬೆರಳನ್ನು ಯಾರೂ ಕೇಳಲಿಲ್ಲ.

ಆಯಿ ಬಿಲ್ಲೆಯನ್ನು ತಿರುಗಿಸಿ ನೋಡಿದಳು.

‘ಪೂಜಿಗೆ ಕುಂಡ್ರುವಾಗ ತಗೀಬೇಕೇನ?’

‘ಇಲ್ಲ. ಜಳಕಾ ಮಾಡುವಾಗೂ ತಗಿಯೂ ಹಂಗಿಲ್ಲ. ಲಿಂಗದಂಗ, ಮೈಮ್ಯಾಲ ಇರಬೇಕು.’

ತಲೆಗೆ ಒಂದು ಕೊಟ್ಟಳು. ‘ಯಾವುದಕ್ಕ ಯಾವುದು ಹೋಲಿಸ್ತಿ?’ ಎಂದಳು. ಆಮೇಲೆ ರಟ್ಟೆ ಚಾಚಿದಳು. ‘ಕೈ ಯಾಕ ನಡಗತೈತಿ ಅಂತ ಹೇಳತೈತೇನು ಇದು? ಹಚ್ಚು ಹಂಗಾರ.’

ಹಚ್ಚಿದ ಮರುದಿನವೇ ಸೋಮವಾರ. ಆಯಿಗೆ ಸೂಜಿ ಬೇಡ ಎನ್ನಲು ನನಗೆ ಧೈರ್ಯವಿಲ್ಲ, ಡಾಕ್ಟರ ಫೋನ್ ಹತ್ತುತ್ತಿಲ್ಲ. ಹುಕ್ಕೇರಿ ಗಾಡಿ ಮಾತ್ರ ಹೇಳಿದ ಹೊತ್ತಿಗಿಂತ ಮೊದಲೇ ಬಂತು. ಹೆಣ್ಣುಮಕ್ಕಳು ಪಡಸಾಲೆ ತುಂಬ ಕುಳಿತರು. ಆಯಿ ಸೂಜಿ ಮುಗಿಸಿ ಪೂಜೆಗೆ ಕುಳಿತಳು. ನಾನು ಮೊಬೈಲ್ ಹಿಡಿದು ಬಾಗಿಲಲ್ಲಿ ನಿಂತೆ. ಮೊದಲ ಅರ್ಧ ತಾಸು ಬಾಣ ಅಡ್ಡ ಇತ್ತು. ನಂತರ ಓರೆಯಾಯಿತು. ನಂತರ ನೆಟ್ಟಗೆ ನೆಲ ನೋಡಿತು.

ಆಯಿಯ ಕಿರುಬೆರಳು ಅಲುಗಿತು. ಹುಕ್ಕೇರಿ ಆಯಿ ಪಕ್ಕದವಳನ್ನು ತಿವಿದು, ‘ಬಂತ ನೋಡ್ರಿ, ಬಂತು’ ಎಂದಳು. ಅದೇ ಹೊತ್ತಿಗೆ ಮೊಬೈಲಿಗೂ ಬಂತು. ಅದು ಅಂಬ್ಯುಲೆನ್ಸಿನ ಮರಿಯಂತೆ ಕೂಗಿತು.

‘ಪೂಜಿ ನಡುವ ಅದನ್ಯಾಕ ಬಡಕೊಳ್ಳಾಕ ಹಚ್ಚೀಯೋ?’ ಹುಕ್ಕೇರಿ ಆಯಿ ಸಿಟ್ಟಾದಳು.

ನಾನು ಒಳಗೆ ಹೋಗಿ ಆಯಿಯ ಮುಂದೆ ಕುಳಿತೆ. ಲಿಂಗದ ಮೇಲಿನ ಬಿಲ್ವಪತ್ರೆ ಜಾರಿ ಕೆಳಗೆ ಬಿತ್ತು. ಅಂಗೈ ವಾಲುತ್ತಿತ್ತು. ಆಯಿ ಅದನ್ನು ನೋಡುತ್ತಿದ್ದಳು, ಸರಿಪಡಿಸಲು ಆಗುತ್ತಿರಲಿಲ್ಲ. ಅವಳ ಕೈಯ ಕೆಳಗೆ ನನ್ನ ಎರಡೂ ಕೈ ಕೊಟ್ಟು ಬಿಗಿಯಾಗಿ ಹಿಡಿದೆ. ಅಂಥ ಹೊತ್ತಿನಲ್ಲೂ ಆಯಿ ತೊದಲುತ್ತ ಕೇಳಿದಳು.

‘ಜಳಕಾ… ಆಗೇತೇನ?’

‘ಕೈ ಅಷ್ಟ ತೊಳದೇನಿ ಆಯಿ.’

‘ಥೂ.’

ಆದರೆ ಕೈ ಬಿಡಿಸಿಕೊಳ್ಳಲಿಲ್ಲ. ಅವ್ವ ನೈವೇದ್ಯದ ಬಟ್ಟಲು ಎತ್ತಿ ನೋಡಿದಳು. ಅದರಲ್ಲಿ ಎರಡು ಬಾದಾಮಿ ಇದ್ದವು. ಎಲ್ಲರ ಮನೆಯಲ್ಲಿ ಕಲ್ಲುಸಕ್ಕರೆ ಇಡುತ್ತಾರೆ. ನಮ್ಮ ಮನೆಯಲ್ಲಿ ಪ್ರಸಾದ ತಿನ್ನುವವರೆಲ್ಲ ರೋಗಿಗಳು, ಅದಕ್ಕೆ ಲಿಂಗಕ್ಕೂ ಪಥ್ಯ. ಈಗ ಸಕ್ಕರೆ ಬೇಕಾದಾಗ ದೇವರ ಹತ್ತಿರವೂ ಇರಲಿಲ್ಲ. ‘ನನ್ನ ಕಿಸೆದಾಗ ಗ್ಲುಕೋಸ್ ಐತಿ’ ಎಂದೆ. ನನ್ನಂಥವರು ಅದನ್ನು ಬಿಟ್ಟು ಹೊರಗೆ ಹೋಗುವುದಿಲ್ಲ. ಅವ್ವ ಕಿಸೆಗೆ ಕೈ ಹಾಕಿ ಪೊಟ್ಟಣ ಹರಿದು ಆಯಿಯ ಬಾಯಿಯ ಹತ್ತಿರ ಒಯ್ದಳು. ಆಯಿ ಬಾಯಿ ಮುಚ್ಚಿಕೊಂಡಳು.

‘ಮೊದಲ… ಲಿಂಗಕ್ಕ.’

ಅವ್ವ ಲಿಂಗಕ್ಕೆ ತೋರಿಸಿದಳು. ಆಗ ಆಯಿ ಬಾಯಿ ತೆರೆದಳು.

ಕೈ ನಿಲ್ಲುವ ತನಕ ನಾನು ಬಿಡಲಿಲ್ಲ. ನನ್ನ ಕಾಲು ಜೋಮು ಹಿಡಿಯಿತು. ಬಾಣ ನಿಧಾನವಾಗಿ ಮೇಲೆದ್ದಿತು. ಹೆಣ್ಣುಮಕ್ಕಳಲ್ಲಿ ಒಬ್ಬಾಕೆ ಪ್ರಸಾದಕ್ಕೆ ಕೈ ಚಾಚಿದಳು. ಅವ್ವ ಬೇರೆ ದಾರಿಯಿಲ್ಲದೆ ಉಳಿದ ಗ್ಲುಕೋಸನ್ನು ಚಿಟಿಕೆ ಚಿಟಿಕೆ ಹಂಚಿದಳು. ‘ಕಿತ್ತಳೆ ಹಣ್ಣಿನ ವಾಸನಿ ಬರಾಕತ್ತೇತ್ರಿ’ ಎಂದು ಆಕೆ ಕಣ್ಣಿಗೊತ್ತಿಕೊಂಡಳು. ಪೊಟ್ಟಣದ ಮೇಲೆ ಕಿತ್ತಳೆಯ ಚಿತ್ರವಿತ್ತು. ನಾನು ಅದನ್ನು ಕಿಸೆಗೆ ಸೇರಿಸಿದೆ.

ಆಯಿ ಲಿಂಗವನ್ನು ಅರಿವೆಯಲ್ಲಿ ಸುತ್ತಿ, ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡ ಮೇಲೆಯೇ ಗೋಡೆಗೆ ಒರಗಿದಳು. ನಾಷ್ಟಾ ಆಯಿತು. ಡಾಕ್ಟರ ಫೋನ್ ಆಗ ಹತ್ತಿತು. ಅವರು ಎಲ್ಲ ಕೇಳಿಕೊಂಡು, ‘ಪೂಜಿ ಮುಗದ ಮ್ಯಾಲ ಸೂಜಿ ತಗೋರಿ. ಆಮ್ಯಾಲ ಅರ್ಧ ತಾಸು ಬಿಟ್ಟು ನಾಷ್ಟಾ. ನಾಕು ದಿನ ಬಿಟ್ಟು ಮೊಬೈಲ್ ತಗೊಂಡು ಬರ್ರಿ, ಡೋಸ್ ನೋಡೂಣು’ ಎಂದರು. ನನ್ನ ಎದುರಿಗಿಲ್ಲದಿದ್ದರೂ ಅವರು ಗೋಡೆಯ ಕಡೆ ನೋಡಿದ್ದು ನನಗೆ ಫೋನಿನಲ್ಲೇ ಗೊತ್ತಾಯಿತು.

ಗಾಡಿ ಹೋಯಿತು. ಹುಕ್ಕೇರಿ ಆಯಿ ಮಾತ್ರ ಉಳಿದುಕೊಂಡಳು, ಅಕ್ಕನಿಗಾಗಿ. ಸಂಜೆ ಆಯಿ ಮತ್ತೆ ನನ್ನನ್ನು ಹಿತ್ತಲಿಗೆ ಕರೆದಳು. ರಟ್ಟೆಯ ಬಿಲ್ಲೆಯನ್ನು ಸೆರಗಿನಿಂದ ಮುಚ್ಚಿಕೊಂಡಿದ್ದಳು.

‘ಕೈ ನಡಗಿದ್ದು ಸೂಜೀದು. ಬೆವತಿದ್ದು ಸೂಜೀದು. ಕಣ್ಣೀರು ಬರತಿತ್ತಲ್ಲೋ, ಅದೂ ಸೂಜೀದ?’

ನನಗೆ ಗೊತ್ತಿದ್ದಷ್ಟು ಹೇಳಿದೆ.

‘ನನಗ ಹಂಗಾದಾಗ ಬೆವರು ಬರತೈತಿ ಆಯಿ, ಕೈ ನಡಗತೈತಿ. ಕಣ್ಣೀರು ಒಮ್ಮಿನೂ ಬಂದಿಲ್ಲ.’

ಆಯಿ, ದನಕ್ಕೆ ನೀರು ಇಟ್ಟೀಯೋ ಇಲ್ಲೋ ಎಂದು ಕೇಳಿ ಒಳಗೆ ಹೋದಳು.

ಮರುದಿನ ಜಳಕವಾದ ಮೇಲೆ ಆಯಿ ಪೆನ್ ಮುಟ್ಟದೆ ಪೂಜೆಗೆ ಕುಳಿತಳು. ಲಿಂಗ ಹಿಡಿದ ಕೈ ಕಡೆಯ ತನಕ ನೆಟ್ಟಗಿತ್ತು. ನೇಮದ ಜಪ ಒಂದೂ ತಪ್ಪಲಿಲ್ಲ.

‘ಇವತ್ತ ಏನೂ ಆಗಲಿಲ್ಲಲ್ಲ ಅಕ್ಕಾ’ ಎಂದಳು ಹುಕ್ಕೇರಿ ಆಯಿ, ಬಸ್ ತಪ್ಪಿಸಿಕೊಂಡವರ ಮುಖ ಮಾಡಿ.

‘ಪೂಜಿ ಆತಲ್ಲ’ ಎಂದಳು ಆಯಿ.

ಆಮೇಲೆ ಪೆನ್ ತಿರುವಿ, ಟಕ್ ಟಕ್ ಎಣಿಸಿ, ಸೂಜಿ ಚುಚ್ಚಿಕೊಂಡಳು. ಹೊಸ ಲೆಕ್ಕದಂತೆ ಈಗ ಅರ್ಧ ತಾಸು ಬರೇ ಕುಳಿತಿರಬೇಕು. ಜಪವೂ ಮುಗಿದಿದೆ, ನಾಷ್ಟಾ ಇನ್ನೂ ಇಲ್ಲ. ಅಡಿಗೆಮನೆಯಿಂದ ಉಪ್ಪಿಟ್ಟಿನ ವಾಸನೆ ಬರುತ್ತಿತ್ತು. ಸುಮ್ಮನೆ ಕುಳಿತು ಆಯಿಗೆ ರೂಢಿಯಿಲ್ಲ. ಅತ್ತ ಇತ್ತ ನೋಡಿ ಕೊನೆಗೆ ನನ್ನ ಕಡೆ ತಿರುಗಿದಳು.

‘ಏ ಮಂಗ್ಯಾ, ಹೊತ್ತು ಹೋಗವಲ್ದು. ಈಕಿ ಸಂತ್ಯಾಗ ನನ್ನ ಸುದ್ದಿ ಹೆಂಗ ಹೇಳಿರಬೇಕು, ಮಾಡಿ ತೋರ್ಸು.’

ಹುಕ್ಕೇರಿ ಆಯಿ ಎದುರಿಗೇ ಕುಳಿತಿದ್ದಳು. ನಾನು ಸೆರಗಿನ ಬದಲು ಟವೆಲ್ ಹೊದ್ದುಕೊಂಡೆ. ಮೆಣಸಿನಕಾಯಿ ಮುರಿದು ಮೂಸುತ್ತ, ಪಕ್ಕದವಳನ್ನು ಮೊಣಕೈಯಿಂದ ತಿವಿಯುತ್ತ, ದನಿ ತಗ್ಗಿಸಿದಂತೆ ಮಾಡಿ ಇಡೀ ಸಂತೆಗೆ ಕೇಳುವ ಹಾಗೆ, ‘ಯಾರಿಗೂ ಹೇಳಬ್ಯಾಡ್ರಿ ಮತ್ತ’ ಎಂದೆ.

‘ನಾ ಹಂಗ ಅಂದೇ ಇಲ್ಲ!’ ಎಂದಳು ಹುಕ್ಕೇರಿ ಆಯಿ, ಪಕ್ಕದಲ್ಲಿದ್ದ ಅವ್ವನನ್ನು ಮೊಣಕೈಯಿಂದ ತಿವಿಯುತ್ತ.

ಆಯಿ ನಗತೊಡಗಿದಳು. ಕಣ್ಣಲ್ಲಿ ನೀರು ಬಂತು, ಭುಜ ಕುಲುಕಿತು, ತೊಡೆಯ ಮೇಲಿನ ಕೈ ನಡುಗಿತು. ನಾನು ಟವೆಲ್ ಎಸೆದು ಮೊಬೈಲಿಗೆ ಕೈ ಹಾಕಿದೆ.

ಬಾಣ ಅಡ್ಡ ಇತ್ತು.