ಮೇಲೆ ಕೆಂಪು, ಕೆಳಗೆ ಬಿಳಿ

ಖಿದಿರ್ ಅನುಮಾನಪಡದ ವಸ್ತು ಈ ಲೋಕದಲ್ಲಿ ಒಂದೇ: ದಾರಿಯ ಮೇಲೆ ಬಿದ್ದ ಹೇಸರಗತ್ತೆಯ ಲದ್ದಿ. ಲದ್ದಿ ಬಿದ್ದಿದೆ ಎಂದರೆ ಅಲ್ಲೊಂದು ಪ್ರಾಣಿ ನಾಲ್ಕು ಕಾಲೂರಿ ನಿಂತಿತ್ತು, ನೆಲ ಸಿಡಿಯಲಿಲ್ಲ ಎಂದರ್ಥ. ಸರ್ಕಾರದ ನಕ್ಷೆ, ಮುಲ್ಲಾನ ಆಶೀರ್ವಾದ, ಬೀಗರ ಮಾತು ಎಲ್ಲವೂ ಅದರ ನಂತರ.

ಎಂಟು ವರ್ಷದ ಯುದ್ಧದಲ್ಲಿ ಎರಡೂ ದೇಶದ ಸೈನ್ಯದವರು ಗಡಿಯಂಚಿನ ಕುರ್ದ್ ಹಳ್ಳಿ ಕಾನಿರಷ್‌ನ ಬೆಟ್ಟದಲ್ಲಿ ನೆಲಬಾಂಬು ಬಿತ್ತಿ, ಕೊಯ್ಲನ್ನು ಊರವರಿಗೆ ಬಿಟ್ಟು ಹೋದರು. ಗಡಿಯಾಚೆಯಿಂದ ಚಹಾಪುಡಿ ಸಾಗಿಸುತ್ತಿದ್ದ ಖಿದಿರ್ ಮೂರು ಹೇಸರಗತ್ತೆಗಳನ್ನು ಆ ಕೊಯ್ಲಿಗೆ ಕೊಟ್ಟ. ತಾನು ಮಾತ್ರ ಹತ್ತೂ ಕಾಲ್ಬೆರಳುಗಳ ಸಮೇತ ಅರವತ್ತೈದು ದಾಟಿದ. ಅನುಮಾನ ರೋಗ ಎನ್ನುವವರಿಗೆ ಅವನು ಬೂಟು ಕಳಚಿ ತೋರಿಸುತ್ತಿದ್ದ.

ಈಗ ರಸ್ತೆಯ ಕೊನೆಯ ತಿರುವಿನಲ್ಲಿ ಅವನದೊಂದು ಚಹಾ ಅಂಗಡಿ, ಮನೆ ಹಿಂದೆ ನಲವತ್ತು ಕುರಿ. ವಸಂತದ ಒಂದು ಬೆಳಿಗ್ಗೆ ಅಲ್ಲಿಗೆ ಒಬ್ಬ ಹಳದಿ ಗಡ್ಡದ ವಿದೇಶಿ ಬಂದ. ಜೊತೆಗೆ ದುಭಾಷಿ ಹೀರ್ಶ್, ಪಟ್ಟಣದ ಹುಡುಗ.

"ಹೆಸರೇನು?" ಎಂದ ಖಿದಿರ್.

"ಯಾನಿ," ಎಂದ ವಿದೇಶಿ.

ಕುರ್ದಿಯಲ್ಲಿ ಯಾನಿ ಎಂದರೆ 'ಅಂದರೆ'. ಖಿದಿರ್ ಮುಂದಿನ ಮಾತಿಗೆ ಕಾದ. ಬರಲಿಲ್ಲ.

"ಅಂದ್ರೆ... ಏನು? ಮಾತು ಮುಗಿಸೋ ಮಾರಾಯ!"

"ಹೆಸರೇ ಅದು ಮಾಮಾ," ಹೀರ್ಶ್ ನಕ್ಕ. "ಫಿನ್‌ಲ್ಯಾಂಡ್‌ನೋನು. ಬೆಟ್ಟ ಹತ್ತೋಕೆ ಬಂದಿದಾನೆ."

"ಕುರಿ ಇದ್ಯಾ ಅವನ್ಹತ್ರ?"

"ಇಲ್ಲ."

"ಮತ್ತೆ ಯಾಕೆ ಹತ್ತೋದು?"

"ಸುಮ್ನೆ."

ಖೋಟಾ ನಾಣ್ಯ ಕಚ್ಚಿ ನೋಡುವವನಂತೆ ಖಿದಿರ್ ಆ ಮಾತನ್ನು ಹಲ್ಲಿನ ನಡುವೆ ಇಟ್ಟು ನೋಡಿದ. ಲಾಭವಿಲ್ಲದೆ ಬೆಟ್ಟ ಹತ್ತುವವನ ಲಾಭ ಬೇರೆಲ್ಲೋ ಇರುತ್ತದೆ. ಜಾಗ ಮಾಡುವ ನೆಪದಲ್ಲಿ ಅವನ ಚೀಲ ಎತ್ತಿ ಸರಿಸಿದ. ಒಳಗೆ ಎರಡು ಡಬ್ಬಿ, ಅಲುಗಿಸಿದರೆ ಗುಳುಗುಳು ಸದ್ದು. ಚಹಾಕ್ಕೆ ಇನ್ನೊಂದು ಸಕ್ಕರೆ ತುಂಡು ಕೊಟ್ಟ. ಅನುಮಾನ ಬಂದವರನ್ನು ಅವನು ಚೆನ್ನಾಗಿ ಉಪಚರಿಸುತ್ತಿದ್ದ, ಮುಖ ನೋಡಲು ಸಮಯ ಸಿಗುತ್ತದೆ.

ಮೂರನೆಯ ದಿನ ನೆರೆಮನೆಯ ಗೆಲಾವೇಜ್ ಹಾಲಿನ ಪಾತ್ರೆ ಬಡಿದುಕೊಂಡು ಓಡಿ ಬಂದಳು.

"ಕಾಕಾ ಖಿದಿರ್! ಮೇಲಿನ ಹುಲ್ಲುಗಾವಲಿನ ದಾರಿ ತುಂಬ ಕಲ್ಲಿಗೆ ಬಣ್ಣ ಬಳಿದಿದಾರೆ! ಮೇಲೆ ಕೆಂಪು, ಕೆಳಗೆ ಬಿಳಿ!"

ಬಾಂಬು ತೆಗೆಯುವವರ ಕಲ್ಲು ಊರಿನ ಮಕ್ಕಳಿಗೂ ಗೊತ್ತು. ಕೆಂಪು ಬಳಿದ ಕಡೆ ಸಾವು, ಬಿಳಿ ಬಳಿದ ಕಡೆ ನಡೆಯಬಹುದು. ಅದು ಎಡ ಬಲದ ಲೆಕ್ಕ, ಮೇಲೆ ಕೆಳಗಿನದಲ್ಲ.

"ಮೇಲೆ ಕೆಂಪಂದ್ರೆ? ಬಾಂಬು ಆಕಾಶದಲ್ಲಿದ್ಯಾ?"

"ನಗು, ನಗು. ನಾಳೆ ನಿನ್ನ ಕುರೀನೇ ಮುಂದೆ ಹೊಡಿ, ನೋಡೋಣ."

ಊರ ಸುತ್ತ ಹುಲ್ಲು ಬೇರಿನವರೆಗೆ ಮುಗಿದಿತ್ತು. ವಾರದೊಳಗೆ ಮಂದೆ ಮೇಲೆ ಹೋಗದಿದ್ದರೆ ಹಾಲು ಬತ್ತುತ್ತದೆ, ಮರಿಗಳು ಸಾಯುತ್ತವೆ. ಆದರೆ ಕೆಂಪು ಕಲ್ಲು ದಾಟಲು ಒಬ್ಬರೂ ಸಿದ್ಧರಿರಲಿಲ್ಲ.

ಅವನೇ ದಾರಿಯ ಬುಡಕ್ಕೆ ಹೋಗಿ ನೋಡಿದ. ಕರಗಿದ ಹಿಮ ಕಳೆದ ವರ್ಷದ ಲದ್ದಿಯನ್ನೆಲ್ಲ ತೊಳೆದುಬಿಟ್ಟಿತ್ತು. ನಂಬಿದ್ದ ಒಂದೇ ಸಾಕ್ಷಿಯೂ ಕೈಕೊಟ್ಟಿತು. ಅಷ್ಟರಲ್ಲಿ ಶಿಳ್ಳೆ ಹೊಡೆಯುತ್ತ, ಕುಂಚ ಕೈಯಲ್ಲಿ ಹಿಡಿದು, ಯಾನಿ ಮೇಲಿನಿಂದ ಇಳಿದು ಬಂದ. ಹಿಂದೆ ಹೀರ್ಶ್.

ಖಿದಿರ್ ಕುಂಚವನ್ನಲ್ಲ, ಮಣಿಕಟ್ಟನ್ನೇ ಹಿಡಿದ. "ಯಾರು ಕಳಿಸಿದ್ರು ನಿನ್ನ? ಗಡಿಯಾಚೆಯೋರಾ? ನಮ್ಮ ಹುಲ್ಲು ತಮ್ಮ ಕುರಿಗೆ ಕಾಯ್ದಿಡೋಕೆ?"

"ಅಯ್ಯೋ ಮಾಮಾ, ಬಿಡು!" ಹೀರ್ಶ್ ನಡುವೆ ಬಂದ. "ಅವರ ದೇಶದಲ್ಲಿ ಈ ಗುರುತಂದ್ರೆ 'ಈ ಕಡೆ ಬನ್ನಿ' ಅಂತ. ನಡೆಯೋ ಜನಕ್ಕೆ ದಾರಿ ತೋರ್ಸೋದು."

"ನೀನು ಕುರ್ದನೇನೋ? ಕೆಂಪು ಅಂದ್ರೇನು ಅಂತ ನಿನಗೂ ಗೊತ್ತಿಲ್ವಾ?"

"ನಾನು ಪಟ್ಟಣದಲ್ಲಿ ಹುಟ್ಟಿದೋನು. ನಮ್ಮಲ್ಲಿ ಕೆಂಪಂದ್ರೆ ಗಾಡಿ ನಿಲ್ಸೋದು."

"ಅಲ್ಲೂ ನಿಲ್ಸೋದೇ ತಾನೆ, ಕತ್ತೆ!"

ಹೀರ್ಶ್ ವಿಷಯ ತಿಳಿಸಿದಾಗ ಯಾನಿಯ ಮುಖ ಬಿಳಿಚಿಕೊಂಡಿತು. ಪಶ್ಚಿಮದ ಇಳಿಜಾರಿನತ್ತ ಬೆರಳು ತೋರಿಸಿ ಏನೋ ಹೇಳಿದ.

"ಅಲ್ಲಿ ಹಳೇ ಕೆಂಪು ಕಲ್ಲಿವೆಯಂತೆ," ಹೀರ್ಶನ ದನಿ ಇಳಿಯಿತು. "ತನಗಿಂತ ಮುಂಚೆ ಯಾರೋ ದಾರಿ ಗುರುತು ಮಾಡಿದಾರೆ, ನಾಳೆ ಅದನ್ನೇ ಹಿಡಿದು ಹೋಗೋಣ ಅಂದ್ಕೊಂಡಿದ್ನಂತೆ."

ಖಿದಿರ್ ಮಣಿಕಟ್ಟು ಬಿಟ್ಟ. ಆ ಇಳಿಜಾರಿನಲ್ಲಿ ಅವನ ಎರಡನೆಯ ಹೇಸರಗತ್ತೆ ಇನ್ನೂ ಬಿದ್ದಿತ್ತು, ಆದರೆ ಒಂದೇ ಕಡೆಯಲ್ಲ.

"ಈ ದಾರೀಲಿ ಎಷ್ಟು ಸಲ ನಡೆದಿದಾನೆ, ಕೇಳು."

"ನಾಲ್ಕು."

"ಹಾಗಾದ್ರೆ ಐದನೇ ಸಲ ಊರವರ ಮುಂದೆ ನಡೀಲಿ. ಬಳಿದೋನ ಕಾಲು ಮೊದ್ಲು, ಕುರಿ ಕಾಲು ಆಮೇಲೆ. ನನ್ನ ಕಾಲು ಕೊನೇಗೆ."

ಮರುದಿನ ಬೆಳಿಗ್ಗೆ ಯಾನಿ ಮುಂದೆ ಹೊರಟ, ಹಿಂದೆ ಇಡೀ ಊರಿನ ಮಂದೆ. ಪ್ರತಿ ಗುರುತಿನ ಬಳಿಯೂ ಅವನು ಬಗ್ಗಿ ಚಾಕುವಿನಿಂದ ಕೆಂಪನ್ನು ಕೆರೆದು, ಬಿಳಿಯನ್ನು ಮಾತ್ರ ಉಳಿಸಬೇಕಿತ್ತು. ಅಷ್ಟು ಹೊತ್ತೂ ಕುರಿಗಳು ಬೈಯುತ್ತ ನಿಲ್ಲುತ್ತಿದ್ದವು, ಗೆಲಾವೇಜ್ ಅವುಗಳಿಗಿಂತ ಜೋರಾಗಿ ಬೈಯುತ್ತಿದ್ದಳು.

ಮೇಲೆ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಮಂದೆ ತಲೆ ತಗ್ಗಿಸಿತು, ಸದ್ದಡಗಿತು. ಗೆಲಾವೇಜ್ ಯಾನಿಗೆ ಒಂದು ಬಟ್ಟಲು ಮಜ್ಜಿಗೆ ಕೊಟ್ಟು ಖಿದಿರನತ್ತ ತಿರುಗಿದಳು.

"ಈಗಾದ್ರೂ ನಂಬಿದ್ಯಾ ಅವನನ್ನ?"

"ದಾರೀನ ನಂಬಿದೆ," ಎಂದ ಖಿದಿರ್. ಆಮೇಲೆ ಹೀರ್ಶನ ತೋಳು ಹಿಡಿದು ಪಕ್ಕಕ್ಕೆ ಕರೆದ. "ಕೇಳು ಅವನನ್ನ, ಇನ್ನೆರಡು ದಿನ ಇರ್ತಾನಾ ಅಂತ. ಆಚೆ ಕಣಿವೇಲಿ ಇನ್ನೊಂದು ಹುಲ್ಲುಗಾವಲಿದೆ. ಮೂವತ್ತು ವರ್ಷದಿಂದ ಅಲ್ಲಿಗೆ ಯಾರೂ ಹೋಗಿಲ್ಲ."